ನೀರು ಒಡೆಯಬೇಕಾದ ಪುಡಿಗೆ ನೀರೇ ಆಗಿಬರಲಿಲ್ಲ

ರಾತ್ರಿ ಸುರತ್ಕಲ್ ದಾಟುವಾಗ ಎಂಆರ್‌ಪಿಎಲ್ ಕಡೆ ಬೆಂಕಿ ಉರಿಯುವುದು ಕಾಣುತ್ತದೆ ಅಲ್ವಾ? ರಿಫೈನರಿ ಅಂದ ಮೇಲೆ ಡೀಸೆಲಿನ ಗಂಧಕ ತೆಗೆಯಲು ಹೈಡ್ರೋಜನ್ ಬೇಕೇ ಬೇಕು. ಅದನ್ನು ಸಾಮಾನ್ಯವಾಗಿ ನಾಫ್ತಾದಿಂದಲೋ ನೈಸರ್ಗಿಕ ಅನಿಲದಿಂದಲೋ ಮಾಡುತ್ತಾರೆ. ಅನಿಲದಿಂದ ಮಾಡಿದರೆ ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 9–10 ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ನೀರಲ್ಲೇ ಹೈಡ್ರೋಜನ್ ಇದೆ, ಬಿಸಿಲಿಗೆ ಮಂಗಳೂರಲ್ಲಿ ಬರವಿಲ್ಲ. ಮತ್ತೆ ತಡ ಯಾಕೆ?

ಆಸೆ ಹುಟ್ಟಿಸಿದ್ದು 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ. ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರು ಒಡೆಯಬಹುದು ಎಂದು ತೋರಿಸಿದರು. ಬಿಳಿ ಪೇಂಟಿಗೆ ಹಾಕುತ್ತಾರಲ್ಲ, ಅದೇ ವಸ್ತು. ಆದರೆ ಅದು ಹೀರುವುದು ನೇರಳಾತೀತ ಕಿರಣ ಮಾತ್ರ. ಬಿಸಿಲಲ್ಲಿ ಅದರ ಪಾಲು ಶೇ. 5ರ ಆಸುಪಾಸು.

ಅತ್ತ 1989ರಲ್ಲಿ ರಿಚರ್ಡ್ ರಾಬ್ಸನ್ ತಾಮ್ರದ ಅಯಾನುಗಳನ್ನು ಸಾವಯವ ಅಣುಗಳಿಂದ ಹೆಣೆದು ಹರಳು ಮಾಡಿದ್ದರು. ಇಂಥ ಹೆಣಿಗೆಗೇ ಮುಂದೆ ಎಂಒಎಫ್ (ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಅಂದರೆ ಲೋಹ-ಸಾವಯವ ಚೌಕಟ್ಟು) ಎಂಬ ಹೆಸರು ಬಂತು. ನಮ್ಮ ಮುರಕಲ್ಲಿನ ಹಾಗೆ ಮೈತುಂಬ ತೂತು, ಆದರೆ ಎಲ್ಲವೂ ಅಳೆದು ಕೊರೆದಂತೆ. 1999ರಲ್ಲಿ ಒಮರ್ ಯಾಘಿ ತಂಡ ಮಾಡಿದ ಎಂಒಎಫ್-5ರ ಒಂದೆರಡು ಗ್ರಾಂ ಪುಡಿಯ ಒಳಮೈ ಬಿಡಿಸಿದರೆ ಫುಟ್ಬಾಲ್ ಮೈದಾನದಷ್ಟು! ಇವರಿಬ್ಬರಿಗೂ ಇದೇ ಕೆಲಸ ಮಾಡಿದ ಸುಸುಮು ಕಿತಗಾವಾಗೂ 2025ರ ರಸಾಯನಶಾಸ್ತ್ರ ನೊಬೆಲ್ ಬಂತು.

ಬೆಳಕು ಹೀರಿ ನೀರು ಒಡೆಯುವ ಕೆಲಸಕ್ಕೆ ಈ ಎಂಒಎಫ್‌ಗಳನ್ನೂ ಪರೀಕ್ಷಿಸುತ್ತಿದ್ದಾರೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಬಣ್ಣದ ಕಥೆ. ಟೈಟಾನಿಯಂ ಇರುವ ಮಿಲ್-125 ಎಂಬ ಎಂಒಎಫ್ ಬಿಳಿ ಪುಡಿ. ಅದರಲ್ಲಿ ಲೋಹವನ್ನು ಹೆಣೆಯುವ ಸಾವಯವ ಕೊಂಡಿ ಟೆರೆಫ್ತಾಲಿಕ್ ಆಮ್ಲ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೂ ಅದೇ ಕಚ್ಚಾವಸ್ತು. ಆ ಕೊಂಡಿಗೆ ಒಂದು ಅಮೈನೋ ಗುಂಪು ಸಿಕ್ಕಿಸಿದರೆ ಸಾಕು, ಪುಡಿ ಹಳದಿಯಾಗುತ್ತದೆ. ಹಳದಿ ಅಂದರೆ ನೀಲಿ ಬೆಳಕು ಒಳಗೆ ಉಳಿಯಿತು ಅಂತ. 2012ರಲ್ಲಿ ಈ ಹಳದಿ ಪುಡಿ ಕಣ್ಣಿಗೆ ಕಾಣುವ ಬೆಳಕಲ್ಲೇ ಕಾರ್ಬನ್ ಡೈಆಕ್ಸೈಡನ್ನು ಫಾರ್ಮೇಟ್ (ಫಾರ್ಮಿಕ್ ಆಮ್ಲದ ರೂಪ) ಆಗಿಸಿತು. ಟೈಟಾನಿಯಂ ಡೈಆಕ್ಸೈಡ್‌ನಲ್ಲಿ ಹೀಗೆ ಕೊಂಡಿ ಬದಲಿಸುವ ಆಟ ನಡೆಯುವುದಿಲ್ಲ.

ತೊಂದರೆ ನೀರಿನದ್ದು. ಎಂಒಎಫ್-5 ತೇವದ ಗಾಳಿಗೇ ಕುಸಿಯುತ್ತದೆ. ಆಟಿ ತಿಂಗಳಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ಟ ಹಲಸಿನ ಹಪ್ಪಳದ ಗತಿಯೇ. 2008ರಲ್ಲಿ ಓಸ್ಲೋದಲ್ಲಿ ಮಾಡಿದ ಜಿರ್ಕೋನಿಯಂನ ಯುಐಒ-66 ಮಾತ್ರ ನೀರಲ್ಲೂ ಗಟ್ಟಿ ನಿಲ್ಲುವ ಎಂಒಎಫ್‌ಗಳಲ್ಲಿ ಒಂದು.

ಹಾಗಂತ ಎಂಒಎಫ್‌ನಿಂದ ಇಷ್ಟು ಹೈಡ್ರೋಜನ್ ಬಂತು ಅಂದ ಕೂಡಲೇ ಸುಮ್ನೆ ಹಿಗ್ಗಬೇಡಿ. ಬೀಕರಿನಲ್ಲಿ ಬೇರೆ ಏನಿತ್ತು ನೋಡಿ. ಹೆಚ್ಚಿನ ಪ್ರಯೋಗಗಳಲ್ಲಿ ಮೆಥನಾಲ್ ಅಥವಾ ಟ್ರೈಎಥನಾಲಮೀನ್ ಸುರಿದಿರುತ್ತಾರೆ. ಎಲೆಕ್ಟ್ರಾನ್ ಕೊಡುವುದು ಅದು, ಕೊಟ್ಟು ಮುಗಿದುಹೋಗುವುದೂ ಅದೇ. ಜೊತೆಗೆ ಹೈಡ್ರೋಜನ್ ಹುಟ್ಟಲು ನೆರವಾಗುವ ಚೂರು ಪ್ಲಾಟಿನಂ ಬೇರೆ. ಬರೀ ನೀರು, ಬರೀ ಬಿಸಿಲು ಅಂದರೆ ಅಂಕಿ ಒಮ್ಮೆಲೇ ಕೆಳಗಿಳಿಯುತ್ತದೆ.