ಫರ್ಮಾನ ನಂಬಿಕೆಯನ್ನು ಒಡೆದ 641

2ರ 32ನೇ ಘಾತಕ್ಕೆ ಒಂದನ್ನು ಕೂಡಿಸಿದರೆ 4294967297 ದೊರೆಯುತ್ತದೆ. ಹತ್ತು ಅಂಕಿಗಳ ಈ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ನಂಬಿದ್ದನು. 2ರ ಘಾತವಾಗಿ 1, 2, 4, 8, 16 ಇವನ್ನು ಇಟ್ಟು ಒಂದು ಕೂಡಿಸಿದಾಗ ಬರುವ 3, 5, 17, 257, 65537 ಐದೂ ಅವಿಭಾಜ್ಯಗಳೇ ಆಗಿದ್ದುದರಿಂದ, ಈ ಸಾಲು ಎಷ್ಟು ಮುಂದುವರಿದರೂ ಹಾಗೆಯೇ ಇರುತ್ತದೆಂದು ಆತ 1640ರಲ್ಲಿ ಗಣಿತಜ್ಞ ಫ್ರೆನಿಕ್ಲ್‌ಗೆ ಬರೆದನು. ಇದಕ್ಕೆ ಪೂರ್ಣ ಪುರಾವೆ ತನ್ನಲ್ಲಿಲ್ಲವೆಂದೂ ಒಪ್ಪಿಕೊಂಡಿದ್ದನು.

1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಈ ಮಾತನ್ನು ತರುಣ ಗಣಿತಜ್ಞ ಆಯ್ಲರ್‌ನ ಗಮನಕ್ಕೆ ತಂದನು. 4294967297ನ್ನು 641 ಶೇಷವಿಲ್ಲದೆ ಭಾಗಿಸುತ್ತದೆಂದು ಆಯ್ಲರ್ 1732ರಲ್ಲಿ ತೋರಿಸಿದನು, ಭಾಗಲಬ್ಧ 6700417.

641 ದೊಡ್ಡ ಸಂಖ್ಯೆಯೇನಲ್ಲ, ಅವಿಭಾಜ್ಯಗಳ ಸಾಲಿನಲ್ಲಿ ಅದು 116ನೆಯದು. 2ರಿಂದ ಹಿಡಿದು ಒಂದೊಂದಾಗಿ ಭಾಗಿಸುತ್ತ ಹೋಗಿದ್ದರೂ ತಾಳ್ಮೆಯುಳ್ಳವರಿಗೆ ಸಿಗುತ್ತಿತ್ತು. ಆದರೆ ಅಷ್ಟು ಶ್ರಮವೂ ಬೇಕಿರಲಿಲ್ಲ. ಈ ಸಂಖ್ಯೆಯ ಅವಿಭಾಜ್ಯ ಭಾಜಕ ಯಾವುದೇ ಆಗಲಿ, ಅದರಲ್ಲಿ ಒಂದನ್ನು ಕಳೆದರೆ ಉಳಿಯುವುದು 64ರ ಗುಣಕವಾಗಿರಲೇಬೇಕು ಎಂಬುದನ್ನು ಆಯ್ಲರ್ ಮುಂದೆ ಸಾಧಿಸಿದನು. ಆ ರೂಪದ ಅವಿಭಾಜ್ಯಗಳನ್ನು ಕ್ರಮವಾಗಿ ಬರೆದರೆ 193, 257, 449, 577, 641, ಐದನೆಯದೇ ಉತ್ತರ. ಈ ನಿಯಮಕ್ಕೆ ಆಧಾರವಾಗಿರುವ ಪ್ರಮೇಯವನ್ನು ಹೇಳಿದವನು ಸ್ವತಃ ಫರ್ಮಾ, ಅದೂ ಅದೇ 1640ರಲ್ಲಿ. ಕೀಲಿಕೈ ಆತನ ಕೈಯಲ್ಲೇ ಇತ್ತು ಎಂಬುದು ನನಗೆ ಇಂದಿಗೂ ಈ ಚರಿತ್ರೆಯ ಅತ್ಯಂತ ಮನಕಲಕುವ ಸಂಗತಿ.

ಭಾಗಾಕಾರವನ್ನೇ ಮಾಡದೆ ಇದನ್ನು ಕಾಣಬಹುದು. 5ನ್ನು 128ರಿಂದ ಗುಣಿಸಿದರೆ 640, ಅಂದರೆ 641ಕ್ಕೆ ಒಂದು ಕಡಿಮೆ. ಆದ್ದರಿಂದ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡುವ ಲೆಕ್ಕದಲ್ಲಿ ಈ ಗುಣಲಬ್ಧ −1ಕ್ಕೆ ಸಮ. 128 ಎಂಬುದು 2ರ 7ನೇ ಘಾತ. ಎರಡೂ ಕಡೆ ನಾಲ್ಕನೇ ಘಾತಕ್ಕೇರಿಸಿದರೆ, 5ರ 4ನೇ ಘಾತ ಮತ್ತು 2ರ 28ನೇ ಘಾತಗಳ ಗುಣಲಬ್ಧ 1ಕ್ಕೆ ಸಮವಾಗುತ್ತದೆ. ಇನ್ನೊಂದೆಡೆ 641 ಎಂದರೆ 625 ಮತ್ತು 16ರ ಮೊತ್ತ. ಹೀಗಾಗಿ 5ರ 4ನೇ ಘಾತವಾದ 625ರ ಜಾಗದಲ್ಲಿ −16ನ್ನು, ಎಂದರೆ 2ರ 4ನೇ ಘಾತದ ಋಣರೂಪವನ್ನು ಇಡಬಹುದು. ಆಗ 2ರ 32ನೇ ಘಾತ −1ಕ್ಕೆ ಸಮವೆಂದಾಗುತ್ತದೆ. ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ.

1878ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ 64ರ ಬದಲು 128ರ ಗುಣಕವೇ ಆಗಬೇಕೆಂದು ಭಾಜಕಗಳ ಆ ನಿಯಮವನ್ನು ಬಿಗಿಗೊಳಿಸಿದನು. ಎರಡು ವರ್ಷಗಳ ಬಳಿಕ, ಎಂಬತ್ತು ದಾಟಿದ್ದ ಫ್ರಾನ್ಸಿನ ಗಣಿತಜ್ಞ ಲ್ಯಾಂಡ್ರಿ ಸಾಲಿನ ಮುಂದಿನ ಸಂಖ್ಯೆಯನ್ನೂ ಒಡೆದನು. ಅದರ ಭಾಜಕ 274177. 65537ರ ನಂತರ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಈವರೆಗೆ ಯಾರಿಗೂ ಸಿಕ್ಕಿಲ್ಲ.

ಈ ಹುಡುಕಾಟ ರೇಖಾಗಣಿತಕ್ಕೂ ತಾಕುತ್ತದೆ. 17 ಬಾಹುಗಳ ಸಮಬಹುಭುಜವನ್ನು ಅಳತೆಗುರುತಿಲ್ಲದ ಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬಹುದೆಂದು ಜರ್ಮನಿಯ ಗಣಿತಜ್ಞ ಗಾಸ್ 1796ರಲ್ಲಿ ಕಂಡುಕೊಂಡನು. ಅದೇ ಗುಣ ಫರ್ಮಾ ಸಾಲಿನ ಪ್ರತಿಯೊಂದು ಅವಿಭಾಜ್ಯಕ್ಕೂ, ಅಂಥ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧಕ್ಕೂ ಇದೆ. 4294967297 ಒಡೆದುಹೋದ್ದರಿಂದ ಅಷ್ಟು ಬಾಹುಗಳ ಬಹುಭುಜ ಕೈತಪ್ಪಿತು. ಆದರೆ 3, 5, 17, 257, 65537 ಐದನ್ನೂ ಗುಣಿಸಿದರೆ ಬರುವುದು ಅದಕ್ಕಿಂತ ಎರಡೇ ಕಡಿಮೆ, 4294967295; ಹಾಗೆ ರಚಿಸಬಲ್ಲವೆಂದು ಇಂದು ತಿಳಿದಿರುವ ಬೆಸಸಂಖ್ಯೆಯ ಬಾಹುಗಳ ಸಮಬಹುಭುಜಗಳಲ್ಲಿ ಅತಿ ದೊಡ್ಡದಕ್ಕೆ ಅಷ್ಟೇ ಬಾಹುಗಳಿವೆ.