ಬಾಯಿ ಮುಚ್ಚಿ ನಿಂತ ಮಗುವಿಗೆ ಟಿಸಿ ಏಕೆ?

ಜೂನ್ ಬಂತೆಂದರೆ ನನ್ನ ವಕೀಲಿ ಕಚೇರಿಗೆ ಶಾಲೆಗಳ ಫೋನ್ ಶುರು. ಜಾಗದ ಖಾತೆ, ಅನುದಾನ, ಶಿಕ್ಷಕರ ಬಡ್ತಿಗಳ ನಡುವೆ ವರ್ಷಕ್ಕೊಂದಾದರೂ ಈ ಪ್ರಶ್ನೆ ಬರುತ್ತದೆ: 'ಒಂದು ಮಗು ರಾಷ್ಟ್ರೀಯ ಪ್ರತಿಜ್ಞೆ ಹೇಳುವುದಿಲ್ಲ ಸಾರ್, ಶಾಲೆಯಿಂದ ತೆಗೆಯಬಹುದೇ?'

ತೆಗೆಯುವಂತಿಲ್ಲ. ಅಲ್ಲಿಗೆ ಮಾತು ಮುಗಿಯಬೇಕು, ಮುಗಿಯುವುದಿಲ್ಲ. 'ಅದು ದೇಶಕ್ಕೆ ಅವಮಾನವಲ್ಲವೇ? ಕಾಯ್ದೆ ಇದೆಯಲ್ಲ?'

ಇದೆ, 1971ರ ರಾಷ್ಟ್ರ ಗೌರವಕ್ಕೆ ಅವಮಾನ ತಡೆ ಕಾಯ್ದೆ. ಓದಿ ನೋಡಿ. 3ನೇ ಕಲಮು ಇರುವುದು ರಾಷ್ಟ್ರಗೀತೆಯ ಬಗ್ಗೆ. ಪ್ರತಿಜ್ಞೆಯ ಸುದ್ದಿಯೇ ಅಲ್ಲಿಲ್ಲ. ರಾಷ್ಟ್ರಗೀತೆಯ ವಿಷಯದಲ್ಲೂ ಶಿಕ್ಷೆ ಇರುವುದು ಹಾಡದವನಿಗಲ್ಲ. ಬೇಕೆಂದೇ ಹಾಡುವುದನ್ನು ತಡೆದವನಿಗೆ, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದವನಿಗೆ. ಪಂಕ್ತಿಯಲ್ಲಿ ಕುಳಿತು ತನಗೆ ಪಾಯಸ ಬೇಡವೆಂದವನು ಪಕ್ಕದವನ ಎಲೆ ಎಳೆದಂತಾಗುತ್ತದೆಯೇ? ಮುನ್ನೂರು ಮಕ್ಕಳು ಹೇಳುವಾಗ ಒಂದು ಮಗು ಸುಮ್ಮನೆ ನಿಂತರೆ ಯಾರ ಬಾಯಿ ಕಟ್ಟಿತು? ಸುಮ್ಮನಿರುವುದು ಬೇರೆ, ಅಡ್ಡಿಪಡಿಸುವುದು ಬೇರೆ. ಇದನ್ನು ಮೂರು ಸಲ ಹೇಳಿದ ಮೇಲೂ 'ಆದರೂ ಸಾರ್' ಎಂದೇ ಮಾತು ಮುಂದುವರಿಯುತ್ತದೆ.

ಆ 'ಆದರೂ'ಗೆ ಸುಪ್ರೀಂ ಕೋರ್ಟ್ 1986ರಲ್ಲೇ ಉತ್ತರ ಕೊಟ್ಟಿದೆ. ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಗೆ ಒಪ್ಪದೆಂದು ಹಾಡುತ್ತಿರಲಿಲ್ಲ. ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಿರಲಿಲ್ಲ. 1985ರ ಜುಲೈಯಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿತ್ತು, ವಿಷಯ ವಿಧಾನಸಭೆಗೆ ಹೋಯಿತು, ಮಕ್ಕಳು ಶಾಲೆಯಿಂದ ಹೊರಬಿದ್ದರು. ಹೈಕೋರ್ಟು ರಾಷ್ಟ್ರಗೀತೆಯ ಒಂದೊಂದೇ ಪದವನ್ನು ತೂಗಿ, ಇದರಲ್ಲಿ ಯಾರ ಧರ್ಮಕ್ಕೂ ನೋವಾಗುವಂಥದ್ದಿಲ್ಲ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ, ಪ್ರಶ್ನೆ ಅದಲ್ಲ ಎಂದು ಹೇಳಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಗೌರವದಿಂದ ಎದ್ದು ನಿಂತರೆ ಅಗೌರವವಾಗದು. ಬರೀ ಇಲಾಖೆಯ ಸುತ್ತೋಲೆಯಿಂದ ವಾಕ್ ಸ್ವಾತಂತ್ರ್ಯವನ್ನು ಮೊಟಕುಗೊಳಿಸಲಾಗದು ಎಂದಿತು.

ತೀರ್ಪು ರಾಷ್ಟ್ರಗೀತೆಯದ್ದು, ಪ್ರತಿಜ್ಞೆಯದ್ದಲ್ಲ ಎನ್ನುವುದು ನಿಜ. ಆದರೆ ಸಂವಿಧಾನವೇ ಹೆಸರಿಸಿ ಗೌರವಿಸಲು ಹೇಳುವ ರಾಷ್ಟ್ರಗೀತೆಗೇ ಈ ಮಾತಾದರೆ, ಪ್ರತಿಜ್ಞೆಗೆ ಅದಕ್ಕಿಂತ ಬಿಗಿ ನಿಯಮ ನಿಲ್ಲಲಾರದು ಎಂದು ನನ್ನ ತಿಳಿವಳಿಕೆ. ಪ್ರತಿಜ್ಞೆ ಬರೆದದ್ದು ಪೈಡಿಮರ್ರಿ ವೆಂಕಟ ಸುಬ್ಬಾರಾವ್, 1962ರಲ್ಲಿ, ತೆಲುಗಿನಲ್ಲಿ. ಆಗ ಅವರು ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿ. ದೇಶದ ಶಾಲೆಗಳಿಗೆಲ್ಲ ಅದನ್ನು ತರುವ ನಿರ್ಧಾರವಾದದ್ದು 1964ರಲ್ಲಿ, ನಮ್ಮ ಬೆಂಗಳೂರಿನಲ್ಲೇ ನಡೆದ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿಯ ಸಭೆಯಲ್ಲಿ. 'ಸಲಹಾ' ಎನ್ನುವ ಪದವನ್ನು ಗಮನಿಸಿ. ಮಗು ಕೂಗಾಡಿದರೆ, ಪಕ್ಕದವರನ್ನು ಅಣಕಿಸಿದರೆ ಲೆಕ್ಕ ಬೇರೆ. ಅಂಥದ್ದಿದ್ದರೆ ಕಾಗದಪತ್ರ ಹಿಡಿದು ನಿಮ್ಮ ವಕೀಲರನ್ನು ಕಾಣಿ.

ಹಾಗಾದರೆ ಪ್ರತಿಜ್ಞೆಯೇ ಬೇಡವೇ? ಧಾರಾಳವಾಗಿ ಹೇಳಿಸಿ. 'ಭಾರತ ನನ್ನ ದೇಶ' ಎಂದು ಬಲಗೈ ಚಾಚಿ ಕೂಗಿಯೇ ಬೆಳೆದವನು ನಾನು. ಕೈ ಸೋತಾಗ ಮುಂದಿನವನ ಹೆಗಲ ಮೇಲೆ ಇಡುತ್ತಿದ್ದೆವು. ದಿನಾ ಹೇಳಿಸಬೇಕೇ, ವಾರಕ್ಕೊಮ್ಮೆ ಅರ್ಥ ಬಿಡಿಸಿ ಹೇಳಿಸಿದರೆ ಸಾಕೇ ಎನ್ನುವುದು ಮೇಷ್ಟ್ರುಗಳಿಗೆ ಬಿಟ್ಟದ್ದು. ನನಗೇನೋ ಎರಡನೆಯದೇ ಇಷ್ಟ.

ಕೆಲವು ವರ್ಷಗಳ ಹಿಂದೆ ಅನುದಾನಿತ ಶಾಲೆಯೊಂದರ ಮುಖ್ಯೋಪಾಧ್ಯಾಯರು ಬಂದರು. ಒಳ್ಳೆಯ ಮನುಷ್ಯ, ಬಡ ಮಕ್ಕಳ ನೋಟ್‌ಬುಕ್ಕಿಗೆ ತಮ್ಮ ಸಂಬಳವನ್ನೇ ಮುರಿಯುವವರು. ಏಳನೇ ತರಗತಿಯ ಹುಡುಗಿಯೊಬ್ಬಳು ತುಟಿ ಬಿಚ್ಚುತ್ತಿರಲಿಲ್ಲ, ಆಡಳಿತ ಮಂಡಳಿ ಒತ್ತಡ ಹಾಕಿತ್ತು, ಟಿಸಿ ಬರೆದಾಗಿತ್ತು. ಪುಸ್ತಕ ತರಿಸಿ ಕಾರ್ಬನ್ ಪ್ರತಿ ನೋಡಿದೆ. ಶಾಲೆ ಬಿಡಲು ಕಾರಣ: 'ಪೋಷಕರ ಕೋರಿಕೆ.' ನಡತೆ: 'ಉತ್ತಮ.'

'ನಡತೆ ಉತ್ತಮ ಎಂದು ನೀವೇ ಬರೆದಿದ್ದೀರಲ್ಲ?' ಎಂದೆ.

'ಮಗುವಿನ ಭವಿಷ್ಯ ಹಾಳಾಗಬಾರದಲ್ಲ ಸಾರ್.'

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮನ್ನು ಮುಂದಿಟ್ಟೆ: ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಬರದ ಕೋರಿಕೆಯನ್ನು ಬಂದಿದೆ ಎಂದು ಬರೆದದ್ದು ಇನ್ನೂ ದೊಡ್ಡ ತಲೆನೋವು ಎಂದೂ ಹೇಳಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ನನ್ನ ಪೆನ್ನನ್ನೇ ಕೇಳಿ ಪಡೆದು ಕಾರ್ಬನ್ ಪ್ರತಿಗೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದರು, ತಾರೀಖು ಹಾಕಿ ಸಹಿ ಮಾಡಿದರು. ಮೂಲ ಪ್ರತಿಯನ್ನು ವಾಪಸು ತರಲು ಅಂದೇ ಸಂಜೆ ಹುಡುಗಿಯ ಮನೆಗೆ ತಾವೇ ಹೋಗುವುದಾಗಿ ಹೇಳಿದರು.

ಹೊರಡುವಾಗ ಫೀಸು ಎಷ್ಟೆಂದು ಕೇಳಿದರು. ಆಡಳಿತ ಮಂಡಳಿಯ ಹೆಸರಿಗೆ ಬಿಲ್ಲು ಬರೆದುಕೊಟ್ಟೆ.