ಬಿಸಿಎಂ ಹೋಗಿದೆ ಅಂದಾಗ

ಮಳೆಗಾಲ ಜೋರಾದಾಗ ಕೆಲವು ಎಸ್‌ಯುವಿ, ಪಿಕಪ್‌ಗಳು ವಿಚಿತ್ರವಾಗಿ ಆಡತೊಡಗುತ್ತವೆ. ವೈಪರ್ ತಾನಾಗಿಯೇ ಓಡುತ್ತದೆ. ಎಡಗಡೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಮಿಣುಕುತ್ತದೆ. ನಿಲ್ಲಿಸಿಟ್ಟ ಗಾಡಿಯ ಬಾಗಿಲು ನಡುರಾತ್ರಿಯಲ್ಲಿ ಟಕ್ ಎಂದು ಲಾಕ್ ಆಗಿ ಮತ್ತೆ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಬ್ಯಾಟರಿ ಖಾಲಿ. ಗ್ಯಾರೇಜಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ ಒಂದೇ: ‘ಬಿಸಿಎಂ ಹೋಗಿದೆ, ಬದಲಾಯಿಸಬೇಕು.’

ಬಿಸಿಎಂ ಎಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಬಾಕ್ಸಿನ ಹತ್ತಿರ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ. ದೀಪ, ಹಾರ್ನ್, ವೈಪರ್, ಕಿಟಕಿ, ಸೆಂಟ್ರಲ್ ಲಾಕ್, ಕಳ್ಳತನ ತಡೆಯುವ ಅಲಾರಂ ಎಲ್ಲವೂ ಅದರ ಕೈಯಲ್ಲಿ. ಈ ಡಬ್ಬಿಗೆ ಕೈ ಹಾಕುವುದು ಎಲ್ಲ ತಪಾಸಣೆ ಮುಗಿದ ಮೇಲೆಯೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ದುಬಾರಿ ಎಂಬುದು ಒಂದು ಕಾರಣ. ಅದರೊಳಗೆ ಆ ಒಂದು ಗಾಡಿಯ ನೆನಪು ಇರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬೋಲ್ಟ್ ಬಿಚ್ಚಿ ಹೊಸದನ್ನು ಕೂರಿಸಲು ಅರ್ಧ ಗಂಟೆ ಸಾಕಾಗಬಹುದು. ಆ ನೆನಪನ್ನು ಹೊಸ ಡಬ್ಬಿಗೆ ತುಂಬುವುದೇ ನಿಜವಾದ ಕೆಲಸ.

ಹಿಂದೆ ಇಂಥ ಡಬ್ಬಿಯೇ ಇರಲಿಲ್ಲ. ಸ್ವಿಚ್ಚಿನಿಂದ ದೀಪಕ್ಕೆ ನೇರವಾಗಿ ವೈರ್ ಹೋಗುತ್ತಿತ್ತು, ನಡುವೆ ಹೆಚ್ಚೆಂದರೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್. ಗಾಡಿಯಲ್ಲಿ ಸೌಕರ್ಯ ಹೆಚ್ಚಿದಷ್ಟೂ ವೈರ್ ಹೆಚ್ಚಿತು. ಬಾಗಿಲಿನ ಸಂದಿಯಲ್ಲಿ ತೂರಿಸಲಾಗದಷ್ಟು ದಪ್ಪದ ಕಟ್ಟುಗಳಾದವು. ಇದಕ್ಕೆ ದಾರಿ ಹುಡುಕಲು ಜರ್ಮನಿಯ ಬಾಷ್ ಕಂಪನಿ 1983 ರಲ್ಲಿ ಕೆಲಸ ಶುರುಮಾಡಿತು. 1986 ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಎಂಜಿನಿಯರುಗಳ ಸಮ್ಮೇಳನದಲ್ಲಿ ‘ಕ್ಯಾನ್ ಬಸ್’ ಅನ್ನು ಜಗತ್ತಿನ ಮುಂದಿಟ್ಟಿತು. ಬೆಂಗಳೂರಿನ ಹಳಬರು ಈಗಲೂ ಹೇಳುವ ‘ಮೈಕೋ’, ಅಂದರೆ 1951 ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಕಂಪನಿ, ಇದೇ ಬಾಷ್ ಬಳಗದ್ದು.

ಕ್ಯಾನ್ ಬಸ್ ನಡೆಯುವ ಬಗೆ ಹಳ್ಳಿಯ ಅರಳಿಕಟ್ಟೆಯ ಮಾತುಕತೆಯ ಹಾಗೆ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ಯಾರಿಗೆ ಸಂಬಂಧವೋ ಅವರು ಎದ್ದು ಕೆಲಸ ಮಾಡುತ್ತಾರೆ. ಎಂಜಿನ್ನಿನ ಕಂಪ್ಯೂಟರ್, ಬ್ರೇಕಿನ ಕಂಪ್ಯೂಟರ್, ಮೀಟರ್, ಬಿಸಿಎಂ ಎಲ್ಲವೂ ಹುರಿ ಮಾಡಿದ ಎರಡೇ ವೈರುಗಳ ಮೇಲೆ ಮಾತಾಡುತ್ತವೆ. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಸಂದೇಶ ಹೊರಟಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ಗಮನಿಸುವುದು ಎರಡರ ನಡುವಿನ ಅಂತರವನ್ನು ಮಾತ್ರ. ಹೊರಗಿನ ವಿದ್ಯುತ್ ಗದ್ದಲ ಎರಡೂ ವೈರಿಗೆ ಒಂದೇ ಸಮನಾಗಿ ತಗಲುತ್ತದೆ, ಹಾಗಾಗಿ ಅಂತರ ಬದಲಾಗುವುದಿಲ್ಲ. ಎಷ್ಟು ಸರಳ, ಎಷ್ಟು ಚಂದ ಅಲ್ವಾ?

ಹೀಗಾಗಿ ಇವತ್ತಿನ ಗಾಡಿಯಲ್ಲಿ ಇಂಡಿಕೇಟರ್ ಕಡ್ಡಿ ಎಳೆದರೆ ದೀಪಕ್ಕೆ ನೇರವಾಗಿ ಕರೆಂಟ್ ಹೋಗುವುದಿಲ್ಲ. ನಾವು ಬಿಸಿಎಂಗೆ ಒಂದು ಕೋರಿಕೆ ಕೊಡುತ್ತೇವೆ, ಅಷ್ಟೇ. ದೀಪ ಉರಿಸುವುದು ಅದರೊಳಗಿನ ಟ್ರಾನ್ಸಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್. ಈ ಟ್ರಾನ್ಸಿಸ್ಟರ್ ಎಷ್ಟು ಕರೆಂಟ್ ಹರಿಯಿತು ಎಂದು ಅಳೆಯುತ್ತದೆ ಕೂಡ. 21 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಅದಕ್ಕಿಂತ ತೀರಾ ಕಡಿಮೆ ಹರಿದರೆ ‘ಬಲ್ಬು ಹೋಗಿದೆ’ ಎಂದುಕೊಂಡು ಬಿಸಿಎಂ ಇಂಡಿಕೇಟರನ್ನು ಬೇಗಬೇಗ ಮಿಣುಕಿಸುತ್ತದೆ. ಹಳೆ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿಸಿದ ಮೇಲೆ ಇಂಡಿಕೇಟರ್ ಹುಚ್ಚೆದ್ದು ಮಿಣುಕುವುದು ಇದೇ ಕಾರಣಕ್ಕೆ. ಡಬ್ಬಿಯಲ್ಲಿ ಏನೂ ದೋಷವಿಲ್ಲ. ಅದು ತನಗೆ ಕಲಿಸಿದ್ದನ್ನು ಸರಿಯಾಗಿಯೇ ಮಾಡುತ್ತಿದೆ.

ಇಂಥ ಸುಳ್ಳು ಆರೋಪಗಳು ಬಿಸಿಎಂ ಮೇಲೆ ಬಹಳ ಬರುತ್ತವೆ. ಮೊದಲು ನೋಡಬೇಕಾದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ, ಗಾಡಿ ನಿಂತಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಬ್ಯಾಟರಿ ಸೋತಿದ್ದರೆ ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ವೋಲ್ಟೇಜ್ ತೀರಾ ಕುಸಿಯುತ್ತದೆ. ಆಗ ಕಂಪ್ಯೂಟರುಗಳು ಅರ್ಧದಲ್ಲೇ ಮಲಗಿ ಎದ್ದು ಇಲ್ಲದ ದೋಷಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತವೆ.

ಆಮೇಲೆ ಅರ್ತ್. ಹಳೆಯ ಆಟೋ ಎಲೆಕ್ಟ್ರಿಷಿಯನ್ನರು ‘ಮೊದಲು ಅರ್ತ್ ನೋಡು’ ಎನ್ನುವುದು ಸುಮ್ನೆ ಅಲ್ಲ. ದೀಪದಿಂದ ಹೊರಟ ಕರೆಂಟ್ ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳಬೇಕು. ಆ ಜಾಗದ ಬೋಲ್ಟ್ ತುಕ್ಕು ಹಿಡಿದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಪಕ್ಕದ ದೀಪದೊಳಗೆ ಹಿಂದುಮುಂದಾಗಿ ನುಗ್ಗುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುವ ಕಾಟ ಹೀಗೇ ಹುಟ್ಟುವುದು. ಪತ್ತೆ ಮಾಡುವುದು ಕಷ್ಟವಲ್ಲ. ದೀಪಗಳನ್ನು ಉರಿಸಿಟ್ಟು, ಅರ್ತ್ ಬೋಲ್ಟಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಕಾಯಿಲೆ ಅಲ್ಲಿದೆ. ಉಪ್ಪುಕಾಗದ ಹಾಕಿ ಉಜ್ಜಿ ಬಿಗಿ ಮಾಡಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಕ್ಯಾನ್ ವೈರುಗಳಿಗೂ ಇಂಥದ್ದೇ ಸುಲಭದ ಪರೀಕ್ಷೆ ಇದೆ. ಆ ಜೋಡಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಮಾಂತರವಾಗಿ (ಪ್ಯಾರಲಲ್) ಸೇರಿರುವುದರಿಂದ ಒಟ್ಟು 60 ಓಮ್. ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚುವ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ, ಬ್ಯಾಟರಿ ಬಿಚ್ಚಿಟ್ಟು, ಬಹಳಷ್ಟು ಗಾಡಿಗಳಲ್ಲಿ ಇದನ್ನು ಅಳೆಯಬಹುದು. 120 ಬಂದರೆ ಎಲ್ಲೋ ಒಂದು ಕಡೆ ವೈರ್ ತುಂಡಾಗಿದೆ, ಇಲಿಯ ಕೆಲಸವೂ ಇರಬಹುದು. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಒಂದಕ್ಕೊಂದು ತಾಗಿವೆ. ಸ್ಕ್ಯಾನರಿನಲ್ಲಿ ‘ಯು0140’ ಎಂಬ ಕೋಡ್ ಬಂದ ಕೂಡಲೇ ಬಿಸಿಎಂ ಸತ್ತಿದೆ ಎಂದು ತೀರ್ಮಾನಿಸುವವರಿದ್ದಾರೆ. ಆ ಕೋಡ್ ಹೇಳುವುದು ಬಿಸಿಎಂ ಮಾತು ಕೇಳಿಸುತ್ತಿಲ್ಲ ಎಂದಷ್ಟೇ. ಡಬ್ಬಿಗೆ ಬರುವ ಫ್ಯೂಸ್ ಸುಟ್ಟಿದ್ದರೂ ಅದೇ ಕೋಡ್ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಡಬ್ಬಿಯೇ ಕೆಟ್ಟಿರುವುದುಂಟು. ನಮ್ಮ ಕಡೆ ಅದಕ್ಕೆ ದೊಡ್ಡ ಶತ್ರು ನೀರು. ಮುಂದಿನ ಗಾಜಿನ ಬುಡದಲ್ಲಿ ನೀರು ಇಳಿದುಹೋಗಲು ತೂತುಗಳಿರುತ್ತವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ ಕೊಳೆತು ಅವು ಕಟ್ಟಿಕೊಳ್ಳುತ್ತವೆ. ಸನ್‌ರೂಫಿನ ಪೈಪುಗಳೂ ಹಾಗೆಯೇ. ಹೋಗಲು ದಾರಿಯಿಲ್ಲದ ನೀರು ಡ್ಯಾಶ್‌ಬೋರ್ಡಿನೊಳಗೆ ಜಿನುಗಿ ಕನೆಕ್ಟರ್ ಸೇರುತ್ತದೆ. ನೀರಿನ ಜೊತೆ ಸದಾ 12 ವೋಲ್ಟ್ ಇದ್ದರೆ ತಾಮ್ರ ಕರಗಿ ಒಂದು ಪಿನ್ನಿನಿಂದ ಇನ್ನೊಂದರ ಕಡೆ ಸಾಗುತ್ತದೆ. ಪಿನ್‌ಗಳ ಮೇಲೆ ಹಸಿರು ಪುಡಿ ಕಟ್ಟುತ್ತದೆ. ಆ ಪುಡಿಯ ಮೂಲಕ ಕಳ್ಳ ಕರೆಂಟ್ ಹರಿದು, ಯಾರೂ ಕೇಳದ ವೈಪರ್ ಓಡುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬಿಸಿಎಂ ಕೂರಿಸಿದರೆ ಅದಕ್ಕೂ ಇದೇ ಗತಿ.

ಈಗ ನೆನಪಿನ ವಿಷಯಕ್ಕೆ ಬರೋಣ. ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ಒಂದಕ್ಕೆ ಸನ್‌ರೂಫ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಒಂದಕ್ಕೆ ಮಳೆ ಸೆನ್ಸರ್, ಇನ್ನೊಂದಕ್ಕೆ ಹಿಂದಿನ ಫಾಗ್ ಲ್ಯಾಂಪ್. ಡಬ್ಬಿ ಬಹುತೇಕ ಒಂದೇ, ಒಳಗಿನ ಮಾಹಿತಿ ಬೇರೆ. ಅದರ ಜೊತೆಗೆ 17 ಅಕ್ಷರ ಮತ್ತು ಅಂಕೆಗಳ ಚಾಸಿ ನಂಬರ್. ಬಹಳಷ್ಟು ಗಾಡಿಗಳಲ್ಲಿ ಕೀಗಳ ಗುಟ್ಟೂ ಇಲ್ಲೇ ಇರುತ್ತದೆ. ಕೀಯ ತಲೆಯೊಳಗೆ ಬ್ಯಾಟರಿ ಬೇಡದ ಒಂದು ಪುಟ್ಟ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತಲಿನ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ಅಲೆಯಿಂದ ಅದಕ್ಕೆ ಶಕ್ತಿ ಕೊಟ್ಟು ಒಂದು ಪ್ರಶ್ನೆ ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಮಾತ್ರ ಎಂಜಿನ್ನಿಗೆ ಒಪ್ಪಿಗೆ. ಯುರೋಪಿನಲ್ಲಿ 1998 ರಿಂದ ಹೊಸ ಕಾರುಗಳಿಗೆ ಇಂಥ ತಡೆ ಕಡ್ಡಾಯ. ಅಪರಿಚಿತ ಬಿಸಿಎಂ ಬಂದು ಕೂತರೆ ಎಂಜಿನ್ನಿನ ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ಸ್ಟಾರ್ಟರ್ ತಿರುಗಬಹುದು, ಗಾಡಿ ಹೊರಡುವುದಿಲ್ಲ.

ಹಾಗಾಗಿ ಬಲ್ಲ ಮೆಕ್ಯಾನಿಕ್ ಹಳೆಯ ಡಬ್ಬಿಯನ್ನು ಬಿಚ್ಚುವ ಮೊದಲೇ, ಅದಕ್ಕೆ ಇನ್ನೂ ಉಸಿರಿದ್ದರೆ, ಸ್ಕ್ಯಾನರ್ ಹಾಕಿ ಅದರ ಮಾಹಿತಿಯನ್ನೆಲ್ಲ ಉಳಿಸಿಕೊಳ್ಳುತ್ತಾರೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾಯುತ್ತಾರೆ. ಆ ಜಾಗದಲ್ಲಿ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳೂ ಇರಬಹುದು, ಅವಸರ ಅಪಾಯ. ಹೊಸದರ ಪಾರ್ಟ್ ನಂಬರ್ ಹೊಂದುತ್ತದೆಯೇ ಎಂದು ನೋಡುತ್ತಾರೆ. ಕೂರಿಸಿದ ಮೇಲೆ ಕೋಡಿಂಗ್, ಅಂದರೆ ಗಾಡಿಯ ಮಾಹಿತಿಯನ್ನು ಹೊಸ ಡಬ್ಬಿಗೆ ಬರೆಯುವುದು. ಆ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯದಂತೆ ಸ್ಥಿರ ವೋಲ್ಟೇಜ್ ಕೊಡುವ ಚಾರ್ಜರ್ ಇರಲೇಬೇಕು. ಅರ್ಧ ಬರೆದಲ್ಲಿ ಬ್ಯಾಟರಿ ಸೋತರೆ ಹೊಸ ಡಬ್ಬಿಯೇ ಕೆಲಸಕ್ಕೆ ಬಾರದಂತಾಗಬಹುದು.

ಅಮೆರಿಕದ ಫೋರ್ಡ್ ಎಫ್-150 ಪಿಕಪ್ಪನ್ನೇ ನೋಡಿ. ಹಳೆಯ ಬಿಸಿಎಂ ಪೂರ್ತಿ ಸತ್ತಿದ್ದರೂ ದಾರಿ ಇದೆ. ಕಾರ್ಖಾನೆಯಿಂದ ಹೊರಟಾಗ ಗಾಡಿಯ ಮಾಹಿತಿ ಹೇಗಿತ್ತೋ ಅದನ್ನು ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ತಾಣದಿಂದ ಪಡೆಯಬಹುದು. ಹೊಸ ಡಬ್ಬಿಗೆ ಕೀಯ ಗುರುತು ಕಲಿಸುವಾಗ ಮಾತ್ರ ಭದ್ರತೆಗಾಗಿ ಹತ್ತು ನಿಮಿಷದಷ್ಟು ಕಾಯಿಸುತ್ತದೆ. ಹಳೆಯ ಕೀಗಳನ್ನು ಅಳಿಸಿದ ಮೇಲೆ ಕನಿಷ್ಠ ಎರಡು ಕೀ ಕಲಿಸಬೇಕು. ಒಂದೇ ಕೀ ಇಟ್ಟುಕೊಂಡು ಹೋದವರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಳ್ಳನನ್ನು ತಡೆಯಲು ಈ ಕಾಯಿಸುವಿಕೆ ಬೇಕೇ ಬೇಕು ಎಂದು ನಾನು ಒಪ್ಪುತ್ತೇನೆ.

ಆದರೆ ಸಾಗರದಲ್ಲೋ ಸಿಂಧನೂರಿನಲ್ಲೋ ಗ್ಯಾರೇಜ್ ಇಟ್ಟ ಮೆಕ್ಯಾನಿಕ್ಕಿಗೆ ಈ ಬಾಗಿಲು ತೆರೆಯಬೇಡವೇ? ಅವರಿಗೆ ಕೈಚಳಕ ಇದೆ, ವೈರಿಂಗ್ ಗೊತ್ತು. ಕಂಪನಿಯ ತಂತ್ರಾಂಶ ಸಿಗುವುದಿಲ್ಲ. ಗುಜರಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಬಿಸಿಎಂ ಇನ್ನೊಂದು ಗಾಡಿಯ ನೆನಪು ಹೊತ್ತು ಬಂದಿರುತ್ತದೆ. ಅದರ ಮೆಮೊರಿ ಚಿಪ್ಪಿಗೆ ಗಾಡಿಯ ಹಳೆಯ ಡಬ್ಬಿಯ ಮಾಹಿತಿಯನ್ನು ನಕಲು ಮಾಡಿ ಗಾಡಿ ಓಡಿಸುವ ಜಾಣರು ಇದ್ದಾರೆ. ಆ ವಿದ್ಯೆಗೆ ನನಗೆ ಗೌರವವಿದೆ. ಆದರೂ ಅದು ಕಂಪನಿಯ ಬೆಂಬಲವಿಲ್ಲದ ಸಾಹಸ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012 ರಲ್ಲೇ ಕಾನೂನು ಮಾಡಿ, ಶೋರೂಮಿಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕು ಎಂದಿತು. ನಮ್ಮ ಕೇಂದ್ರ ಸರ್ಕಾರ 2022 ರಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಜಾಲತಾಣವಷ್ಟೇ ಸಾಲದು. ಹಣ ಕಟ್ಟಿ, ಗುರುತು ಕೊಟ್ಟು ನೋಂದಾಯಿಸಿಕೊಂಡ ಯಾವ ಮೆಕ್ಯಾನಿಕ್ಕಿಗಾದರೂ ಕೋಡಿಂಗ್ ಮಾಡಲು ಅವಕಾಶ ಸಿಗಬೇಕು.

ಕೆಲಸ ಮುಗಿದ ಮೇಲೆ ದೀಪ, ಹಾರ್ನ್ ನೋಡಿ ಗಾಡಿ ತಗೊಂಡು ಬಂದುಬಿಡಬೇಡಿ. ಬಿಸಿಎಂ ಚೆನ್ನಾಗಿ ನಿದ್ದೆ ಮಾಡುತ್ತದೆಯೇ ಎಂದು ಕೇಳಿ. ಲಾಕ್ ಮಾಡಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬಿಟ್ಟು ಬ್ಯಾಟರಿಯಿಂದ ಹೊರಡುವ ಕರೆಂಟ್ ಅಳೆದರೆ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. ಅಷ್ಟಿದ್ದರೆ ಲೆಕ್ಕದ ಪ್ರಕಾರ 60 ಆಂಪಿಯರ್-ಅವರ್ ಬ್ಯಾಟರಿ ಖಾಲಿಯಾಗಲು 50 ದಿನ ಬೇಕು. ಯಾವುದೋ ಒಂದು ಕಂಪ್ಯೂಟರ್ ಮಲಗದೆ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ ಐದೇ ದಿನ. ಈ ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.